ಹೊಸದು ಒಂದೇ ಇರಲಿ

ಮಾರ್ಚ್ 4, ಮಂಗಳವಾರ

ಹನ್ನೊಂದು ಪುಟ ಟೈಪ್ ಆಯಿತು. ಎಂದಿನಂತೆ ಮೇಡಂ, ಗಡ್ಡದವರು ಎದುರುಬದುರು ಕೂತು ವಾದ. ಮೂಲೆಯ ಕಂಪ್ಯೂಟರಿನಲ್ಲಿ ನಾನು. ಇಬ್ಬರೂ ಸೇರಿ ಒಂದೇ ಕಾದಂಬರಿ ಬರೆಯುತ್ತಿದ್ದಾರೆ. ಇನ್ನು ಹದಿನೈದು ವರ್ಷಕ್ಕೆ ನಡೆಯುವ ಕಥೆ.

ಗಡ್ಡದವರು ಹಾರುವ ಬಸ್ಸು, ಮಾತಾಡುವ ಕನ್ನಡಿ ಅಂತ ಶುರು ಮಾಡಿದರು.

"ಅಯ್ಯೋ ಮಹರಾಯ, ಹದಿನೈದೇ ವರ್ಷ ಕಣಯ್ಯಾ!" ಅಂದರು ಮೇಡಂ. "ಹೊಸದು ಒಂದೇ ಇರಲಿ. ಉಳಿದಿದ್ದೆಲ್ಲ ಹಳೇದು. ಆ ಒಂದರಿಂದ ಹಳೇದೆಲ್ಲ ಹೇಗೆ ಪಕ್ಕಕ್ಕೆ ಸರಿಯುತ್ತೆ, ಅದನ್ನ ಬರಿ."

ಆ ಒಂದು — ತನ್ನ ರಿಪೇರಿ ತಾನೇ ಮಾಡಿಕೊಳ್ಳುವ ಲಿಫ್ಟ್. ಕಥಾನಾಯಕ ಕೆಲಸ ಹೋಗಲಿರುವ ಲಿಫ್ಟ್ ಮೆಕ್ಯಾನಿಕ್.

ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ಯಜಮಾನ್ರದ್ದೂ ಲಿಫ್ಟ್ ಕೆಲಸ ಅಲ್ವೇನಮ್ಮ? ಕೇಳ್ಕೊಂಡು ಬನ್ನಿ, ಲಿಫ್ಟಲ್ಲಿ ಮೊದಲು ಕೆಡೋದು ಏನು ಅಂತ."

ಹೂಂ ಅಂದೆ. ಇಲ್ಲಿ ಟೈಪಿಂಗಿಗೆ ಸೇರುವಾಗ ಅವರ ಕೆಲಸ ಹೇಳಿದ್ದೆ. ಹೋಗಿಬಿಟ್ಟಿದ್ದಾರೆ ಅಂತ ಹೇಳಿರಲಿಲ್ಲ. ಇವತ್ತೂ ಬಾಯಿ ಬರಲಿಲ್ಲ. ಅವರು ಹೋಗಿ ನಾಲ್ಕು ತಿಂಗಳಾಯಿತು.

ಮಾರ್ಚ್ 5

"ಬಾಗಿಲು" ಅಂದೆ. ಹತ್ತಕ್ಕೆ ಎಂಟು ಸಲ ಬಾಗಿಲೇ. ಅದು ಜಾರುವ ಸಂದಿಯಲ್ಲಿ ಕಸ, ಕೂದಲ ಪಿನ್ನು, ಅಂಗಿಯ ಗುಂಡಿ... ಊಟಕ್ಕೆ ಕೂತಾಗ ಯಜಮಾನರು ಹೇಳುತ್ತಿದ್ದರು.

ಗಡ್ಡದವರು ಮೇಜು ಕುಟ್ಟಿದರು. "ಆಹಾ! ಅಷ್ಟು ಬುದ್ಧಿವಂತ ಯಂತ್ರ, ಒಂದು ಗುಂಡಿ ಸಿಕ್ಕಿಕೊಂಡ್ರೆ ಬೆಪ್ಪುತಕ್ಕಡಿ!"

ಮಾರ್ಚ್ 18

ವಾರಕ್ಕೆ ಮೂರು ಪ್ರಶ್ನೆ. ಯಜಮಾನರ ಕೆಲಸದ ಚೀಲ ಅಟ್ಟದಿಂದ ಇಳಿಸಿ, ನೋಟ್‌ಬುಕ್ ತೆಗೆದು ಹುಡುಕುತ್ತೇನೆ. ಹೇಗೋ ಉತ್ತರ ಸಿಗುತ್ತದೆ. ಬದುಕಿದ್ದಾಗ ಇಷ್ಟು ಕೇಳಿರಲಿಲ್ಲ.

ಮಗಳು ಬಂದು ನಿಂತಳು. "ಅಪ್ಪನ ಚೀಲ ಯಾಕಮ್ಮ ಹೊರಗೆ?"

"ಆಫೀಸಿಗೆ ಬೇಕಿತ್ತು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಅಂದಳು. ಪಕ್ಕದಲ್ಲೇ ಕೂತಳು.

ಏಪ್ರಿಲ್ 8, ಮಂಗಳವಾರ

ಹೋದ ವಾರದ ಪ್ರಶ್ನೆ — ಲಿಫ್ಟಿನ ತಳದ ಹಳ್ಳದ ಕತ್ತಲಿಗೆ ಒಬ್ಬರೇ ಇಳಿದಾಗ ಏನು ಯೋಚನೆ ಮಾಡ್ತಾರೆ?

ನೋಟ್‌ಬುಕ್ಕಿನಲ್ಲಿ ಇಲ್ಲ. ನೆನಪಲ್ಲೂ ಇಲ್ಲ. "ಮನೆಯವರ ಮುಖ ಒಂದೊಂದಾಗಿ ನೆನೆಸ್ಕೋತಾರಂತೆ" ಅಂದುಬಿಟ್ಟೆ.

ಮೇಡಂ ಕಣ್ಣು ಒರೆಸಿಕೊಂಡರು. ಅಲ್ಲೇ ಒಂದು ಪುಟ ಬರೆದರು. ಟೈಪ್ ಮಾಡಿದ್ದು ನಾನೇ. ಕಥೆಯ ಮೆಕ್ಯಾನಿಕ್ ಹೆಂಡತಿಗೆ ಅದೇ ಮಾತು ಹೇಳುತ್ತಾನೆ. ಚೆನ್ನಾಗಿತ್ತು. ಅದೇ ಭಯ. ಇನ್ನೆರಡು ಸಲ ಓದಿದರೆ ಯಜಮಾನರೇ ಹೇಳಿದ್ದು ಅಂತ ನಾನೇ ನಂಬಿಬಿಡುತ್ತೇನೆ. ಆಮೇಲೆ ಯಾವುದು ಅವರು, ಯಾವುದು ನಾನು ಕಟ್ಟಿದ್ದು?

ಹೊರಡುವಾಗ ಗಡ್ಡದವರು, "ಮುಂದಿನ ಮಂಗಳವಾರ ಅವರನ್ನ ಕರ್ಕೊಂಡೇ ಬನ್ನಿ. ನಮ್ಮ ಮೂರನೇ ಲೇಖಕರು ಅವರು!"

ಏಪ್ರಿಲ್ 15, ಮಂಗಳವಾರ

ಮೂರು ಕುರ್ಚಿ ಹಾಕಿದ್ದರು. ನಾಲ್ಕನೆಯದು ತರಲು ಗಡ್ಡದವರು ಎದ್ದರು.

"ಬೇಡ ಸರ್," ಅಂದೆ. "ಅವರಿಲ್ಲ. ನವೆಂಬರಿನಲ್ಲೇ ಹೋದರು. ಬಾಗಿಲಿನ ಮಾತು ಅವರದು. ಕತ್ತಲಿನದು ನನ್ನದು. ಅದನ್ನ ತೆಗೆದುಬಿಡಿ ಮೇಡಂ."

ಬೈಯುತ್ತಾರೆ ಅಂದುಕೊಂಡೆ. ಮೇಡಂ ಆ ಪುಟ ಹುಡುಕಿ ಮೇಲಿಂದ ಕೆಳಗೆ ಒಂದು ಗೀಟು ಎಳೆದರು.

"ಕಥೇಲಿ ಹೆಂಡ್ತಿ ಆ ಪ್ರಶ್ನೆ ಕೇಳಲಿ," ಅಂದರು ಗಡ್ಡದವರು ಮೆಲ್ಲಗೆ. "ಅವನು ಹೇಳೋದು ಬೇಡ."

"ಹೇಳದೆ ಏನು ಮಾಡ್ತಾನೆ?" ಅಂದರು ಮೇಡಂ.

ಇಬ್ಬರೂ ನನ್ನನ್ನು ನೋಡಿದರು. ಇದಕ್ಕೆ ಉತ್ತರ ನನಗೆ ಗೊತ್ತಿತ್ತು.

"ತಟ್ಟೆ ಮುಂದಕ್ಕೆ ತಳ್ತಾರೆ," ಅಂದೆ. "ಇನ್ನೊಂದ್ ಸ್ವಲ್ಪ ಬಡಿಸು ಅಂತ."

ಅಷ್ಟೇ ಟೈಪ್ ಮಾಡಿದೆ. ಒಂದೇ ಸಾಲು.

ಏಪ್ರಿಲ್ 16, ಬೆಳಿಗ್ಗೆ

ಚೀಲ ಮತ್ತೆ ಅಟ್ಟಕ್ಕೆ. ನೋಟ್‌ಬುಕ್ ಮಗಳು ಕೇಳಿ ಇಟ್ಟುಕೊಂಡಳು.

ಮನೆಯಲ್ಲಿ ಎಲ್ಲ ಹಳೇದೇ. ಅದೇ ಗಡಿಯಾರ, ಅದೇ ಅಲುಗಾಡುವ ಸ್ಟೂಲು. ಹೊಸದು ಒಂದೇ. ನನ್ನ ತಟ್ಟೆ ಅವರ ಜಾಗಕ್ಕೆ ಸರಿದಿದೆ. ಯಾವಾಗ ಸರಿಯಿತೋ.

ಕೇಳಬಹುದಿತ್ತು. ಇಪ್ಪತ್ತಾರು ವರ್ಷ ಎದುರಿಗೇ ಕೂತು ಉಂಡರು. ಬಡಿಸುತ್ತಲೇ ಒಂದು ಸಲ ಕೇಳಿದ್ದರೆ... ಅಲ್ಲಿ ಕೆಳಗೆ, ಕತ್ತಲಲ್ಲಿ ಒಬ್ಬರೇ ಇದ್ದಾಗ, ನಿಮಗೆ —