ಎಸರು ಹಾಕಿದ ಹಿಟ್ಟು

ಕುಷ್ಟಗಿ, ೨೧ ನವೆಂಬರ್ ೧೯೮೨, ಭಾನುವಾರ

ನಾಳೆಗೆ ನನ್ನ ಹೆಂಡತಿ ವಿರೂಪಾಕ್ಷಮ್ಮ ತೀರಿಹೋಗಿ ವರ್ಷ. ಎಡೆಗೆ ಬನ್ನು ಇಡಬೇಕೆಂದು ಹಟ ಹಿಡಿದವನು ನಾನೇ. ಹೋಳಿಗೆ ಅವಳಿಗೆ ಸೇರುತ್ತಿರಲಿಲ್ಲ. ತಾನೇ ಮಾಡಿದ ಬನ್ನು, ಒಂದು ಕಪ್ ಚಹಾ, ದಟ್ಸ್ ಆಲ್.

ಗಂಗಾವತಿಯ ಬೇಕರಿಯಿಂದ ತರಿಸಿದ್ದ ಈಸ್ಟನ್ನು ಬೆಳಿಗ್ಗೆ ಮೈದಾಕ್ಕೆ ಬೆರೆಸಿ, ರೊಟ್ಟಿಯ ಹಿಟ್ಟಿಗೆ ಹಾಕುವಂತೆ ಕುದಿಯುವ ಎಸರು ಸುರಿದೆ. ಈ ವರ್ಷದಲ್ಲಿ ನನ್ನ ಕೈ ಕಲಿತದ್ದು ಅದೊಂದೇ. ಮಧ್ಯಾಹ್ನವಾದರೂ ಹಿಟ್ಟು ಉಬ್ಬಲಿಲ್ಲ. ನಾದಿನಿ ಪಂಪಾವತಿ ಬಂದು ಬಟ್ಟೆ ಸರಿಸಿ ನೋಡಿದಳು.

"ಏನ್ ಹಾಕೀರಿ ಮಾವಾರ?"

"ಎಸರು."

"ಅಯ್ಯ, ಇದೇನ್ ಜೋಳದ ಹಿಟ್ಟೇನ್ರಿ? ಈಸ್ಟಿಗೆ ಜೀವ ಇರತೈತಿ. ಸುಟ್ಟು ಸತ್ತಹೋಗೇತಿ ನೋಡ್ರಿ. ಅಕ್ಕ ಇದ್ದಿದ್ರ ನಿಮ್ಮನ್ನ ಅಡಗಿಮನ್ಯಾಗ ಬಿಟಗೊಳ್ತಿದ್ದಿಲ್ಲ."

ಅವಳು ನಕ್ಕಳು. ನಾನೂ ನಗಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಉಳಿದ ಈಸ್ಟನ್ನು ಅವಳು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಸಿಕೊಟ್ಟಳು. ಈ ಸಲ ಹಿಟ್ಟು ಉಬ್ಬಿತು. ಬೋಗುಣಿಯಲ್ಲಿ ಉಸುಕು ಕಾಯಿಸಿ, ಅದರ ಮೇಲೆ ತಾಟು ಇಟ್ಟು ಬೇಯಿಸಿದೆವು. ಬನ್ನು ಒತ್ತಿದರೆ ತಗ್ಗಿ ಮತ್ತೆ ಮೇಲೇಳುವಷ್ಟು ಮೆತ್ತಗಾಯಿತು.

"ಥೇಟ್ ಅಕ್ಕನ ಕೈಯಾಗಿಂದು," ಎಂದು ಪಂಪಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒಂದನ್ನು ಮುರಿದು ತಿಂದೆ. ಸೇಮ್ ಟೇಸ್ಟ್. ಅಳು ಬಂದೀತೆಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಕೈ ತೊಳೆದುಕೊಂಡೆ.

ನಾಳೆಯ ಎಡೆಗೆ ಬನ್ನು ಡಬ್ಬಿಯಲ್ಲಿದೆ. ಬೆಳಗಿನ ಹಿಟ್ಟನ್ನು ಚೆಲ್ಲಿರೆಂದು ಹೇಳಿ ಪಂಪಾವತಿ ಹೋದಳು. ಚೆಲ್ಲಿಲ್ಲ. ಪರಾತದಲ್ಲೇ ಇದೆ, ಮೇಲೆ ಒದ್ದೆ ಬಟ್ಟೆ ಮುಚ್ಚಿದ್ದೇನೆ. ಈಗ ಬರೆಯಲು ಕೂರುವ ಮುಂಚೆ ಮತ್ತೊಮ್ಮೆ ಹೋಗಿ ಬಟ್ಟೆ ಸರಿಸಿ ನೋಡಿದೆ, ಏನಾದರೂ ಉಬ್ಬಿದೆಯೇ ಎಂದು.