ಮಣ್ಣುಬಣ್ಣದ ಡೇಲಿಯಾ

ಅಕ್ಕಾ,

ನೀನು ಇದನ್ನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ಬದುಕಿದ್ದು ಓದುವ ಹಾಗಿದ್ದರೆ ನನಗೆ ಬರೆಯುವ ಧೈರ್ಯವೇ ಬರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹೂವಿನಂಗಡಿಯವರು ನಮ್ಮ ತೋಟಕ್ಕೇ ಬಂದಿದ್ದರು. ನಾನೂ ನಿನ್ನ ಮಗಳೂ ಕೊಯ್ದ ಡೇಲಿಯಾಗಳ ಕೆಳಗಿನ ಎಲೆ ಕಿತ್ತು ಬಕೆಟ್ಟಿನ ನೀರಿಗೆ ಇಡುತ್ತಿದ್ದೆವು. ನೀನು ಬೀಜದಿಂದ ಬೆಳೆಸಿದ ಆ ಮಣ್ಣುಬಣ್ಣದ ಹೂವನ್ನು ಅವರು ಎತ್ತಿ ಹಿಡಿದರು.

"ಮದುವೆಯವರೆಲ್ಲ ಇದನ್ನೇ ಕೇಳ್ತಾರೆ. ಬೇರೆ ಯಾರ ಹತ್ರಾನೂ ಇಲ್ಲ. ಈ ತಳಿ ಮಾಡಿದ್ದು ಯಾರು?"

"ನಾನೇ" ಎಂದುಬಿಟ್ಟೆ.

ನಿನ್ನ ಹೆಸರು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿನ್ನ ಮಗಳು ತಲೆ ಎತ್ತದೆ ಎಲೆ ಕೀಳುತ್ತಲೇ ಇದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು: "ಚಿಕ್ಕಮ್ಮ, ಆ ಗಿಡ ಮೊದಲ್ನೇ ಸಲ ಹೂ ಬಿಟ್ಟಾಗ ನಾನು ಹಾಸ್ಟೆಲಲ್ಲಿದ್ದೆ. ಅಮ್ಮ ನಿಂಗೆ ತೋರಿಸಿದ್ಲಾ?"

"ಹೂಂ. ಕೈ ಹಿಡ್ದು ಎಳ್ಕೊಂಡೇ ಹೋಗಿದ್ಲು."

"ನೀನೇನಂದೆ?"

ಅದು ನಿನಗೂ ನನಗೂ ಮಾತ್ರ ಗೊತ್ತು. "ಈ ಕೊಳೆಬಣ್ಣದ ಹೂವನ್ನ ಯಾರು ಕೊಳ್ತಾರೆ? ಕಿತ್ತು ಬಿಸಾಕು" ಅಂದಿದ್ದೆ. ನೀನು ಗಿಡವನ್ನು ಮಣ್ಣುಸಮೇತ ಅಗೆದು, ನನ್ನ ಕಣ್ಣಿಗೆ ಬೀಳದ ಹಾಗೆ ಶೆಡ್ಡಿನ ಹಿಂದೆ ನೆಟ್ಟುಕೊಂಡಿದ್ದೆ.

"ತುಂಬ ಚೆನ್ನಾಗಿದೆ ಅಂದೆ ಕಣೇ" ಎಂದೆ.

ಅವಳ ಮುಖ ಅರಳಿತು. "ಪಾಪ, ಅಮ್ಮಂಗೆ ಎಷ್ಟು ಖುಷಿಯಾಗಿರ್ಬೇಕು ಅಲ್ವಾ?" ಎನ್ನುತ್ತ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ತಲೆ ತಗ್ಗಿಸಿ ಉಂಡೆ.