ಬನ್ನಿ ಯಾರು ಮೊದಲು ಕೊಡಬೇಕು

ಅಕ್ಟೋಬರ್ 7, 2007, ಭಾನುವಾರ
ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ಅನಸೂಯ ಆಂಟಿಯ ಮನೆಗೆ. ಸಿಡ್ನಿಯ ಪ್ಯಾರಮಟ್ಟಾದ ನಮ್ಮ ಕನ್ನಡ ಓದುಕೂಟ. ಈ ತಿಂಗಳದ್ದು ಹಳೆಯ ಕಾಲದ ದಪ್ಪ ಕಾದಂಬರಿ. ಮದುವೆಯ ದಿನ ಓಡಿಹೋದ ನಾಯಕ ಕಡೆಯ ಅಧ್ಯಾಯದಲ್ಲಿ ವಾಪಸ್ ಬರುತ್ತಾನೆ, ಅವಳು ಬಾಗಿಲು ತೆಗೆಯುತ್ತಾಳೆ. ಅವನಿಗೆ ಆ ಯೋಗ್ಯತೆ ಇತ್ತೇ? ಎಲ್ಲರೂ ಅವನ ಪರ. ನನಗೆ ರೇಗಿತು.

"ಹತ್ತು ಪುಟ ಅಳತಾನ್ರಿ ಆಂಟಿ. ಆಕಿಗೆ ಒಂದು ಗ್ಲಾಸ್ ನೀರಾದ್ರೂ ತಂದು ಕೊಟ್ಟಾನೇನು?"

"ಯಪ್ಪಾ, ಏನ್ ಸಿಟ್ಟವಾ ಕೃಪಾ! ಕಾದಂಬರಿ ಮ್ಯಾಲೋ, ಮತ್ಯಾರ ಮ್ಯಾಲೋ?"

ಆಂಟಿ ಹುಬ್ಬಳ್ಳಿಯವರು, ಬಿಡುವವರಲ್ಲ. ಮಂಡಕ್ಕಿ ಮುಗಿಯಿತು, ವಾದ ಮುಗಿಯಲಿಲ್ಲ.

ಅಕ್ಟೋಬರ್ 9
ನಾರ್ತ್ ಸಿಡ್ನಿ ಆಫೀಸಿನಲ್ಲಿದ್ದಾಗ ಮೇಲ್ ಬಂತು. ಯತೀಶ್! ಮೂರು ವರ್ಷದ ಮೇಲೆ! ಈಗ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿದ್ದಾನಂತೆ. ದಸರಾಕ್ಕೆ ಸಿಡ್ನಿಗೆ ಬರಲಾ, ಬೇಡ ಅಂದರೆ ಬರುವುದಿಲ್ಲ... ಅಷ್ಟೇ.

ಮೆಲ್ಬರ್ನ್‌ನಲ್ಲಿ ಒಟ್ಟಿಗೆ ಓದಿದೆವು. ರಿಜಿಸ್ಟರ್ ಮದುವೆಗೆ ಬುಕ್ ಮಾಡಿದ್ದೆವು. ಇಳಕಲ್ ಸೀರೆ ಉಟ್ಟು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ — ಅವನ ಫೋನ್ ಆಫ್. ತಾಯಿಗೆ ಹೆದರಿದನಂತೆ. ಅದನ್ನು ಹೇಗೋ ನುಂಗಿದೆ. ಆಮೇಲೆ ನಮ್ಮೂರು ಧಾರವಾಡದಲ್ಲಿ ಎಲ್ಲರಿಗೂ 'ಕೃಪಾನೇ ಒಲ್ಲೆ ಅಂದಳು' ಎಂದು ಹೇಳಿಸಿದನಲ್ಲ, ಅದು ಇನ್ನೂ ಗಂಟಲಲ್ಲೇ ಇದೆ. ಅವ್ವ ಇವತ್ತಿಗೂ ಯಾರ ಮದುವೆಗೂ ಹೋಗುವುದಿಲ್ಲ.

ಉತ್ತರ ಬರೆಯಲಿಲ್ಲ. ಡಿಲೀಟೂ ಮಾಡಲಿಲ್ಲ.

ಅಕ್ಟೋಬರ್ 17
ಅವ್ವನ ಫೋನ್. ಅಳುತ್ತಿದ್ದಳು.

"ಹೋದ ತಿಂಗಳ ಯತೀಶ ಫೋನ್ ಹಚ್ಚಿದ್ದ. ಕೃಪಾಂದೇನೂ ತಪ್ಪಿಲ್ಲ, ನಾನೇ ಹೇಡಿ, ನಾನೇ ಸುಳ್ಳು ಹೇಳಿಸ್ದೆ ಅಂದ. ನಿನಗ ಹೇಳಬ್ಯಾಡ್ರಿ ಅಂದಿದ್ದ. ನಿನ್ನೆ ಅವರವ್ವ ಮನಿತನಕ ಬಂದು ಕೈ ಮುಗದ್ಲು. ಇನ್ನ ತಡಕೊಳ್ಳಾಕ ಆಗಲಿಲ್ಲ ನೋಡವಾ."

ಮೇಲ್‌ನಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ನಲ್ಲಿ ಬಿಟ್ಟುಕೊಂಡು ಅತ್ತೆ. ಸಿಟ್ಟು ಹೋಯಿತಾ? ಇಲ್ಲ. ಆದರೂ 'ಬಾ' ಎಂದು ಬರೆದೆ.

ಅಕ್ಟೋಬರ್ 21, ವಿಜಯದಶಮಿ
ಇಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ಆಂಟಿಯ ಹಿತ್ತಲಿನ, ಜಾಲಿ ಜಾತಿಯ ವಾಟಲ್ ಮರದ ಎಲೆಯೇ ನಮಗೆ ಬನ್ನಿ. ಸಣ್ಣವರು ಮೊದಲು ದೊಡ್ಡವರ ಕೈಗಿಟ್ಟು, 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದು ಕಾಲಿಗೆ ಬೀಳಬೇಕು. ದೊಡ್ಡವರು ತಿರುಗಿ ಕೊಡಬೇಕು. ಅಲ್ಲಿಗೆ ಹಳೆಯ ಜಗಳ ಮುಗಿಯಿತು.

ಯತೀಶ್ ಬಂದ. ಸೊರಗಿದ್ದಾನೆ. ನನಗಿಂತ ದೊಡ್ಡವನು, ಆದರೂ ನೇರ ಬಂದು ಎರಡೂ ಕೈಯಲ್ಲಿ ಎಲೆ ಚಾಚಿದ.

"ಬನ್ನಿ ತಗೋ, ಕೃಪಾ."

ಇನ್ನರ್ಧ ಮಾತು ಹೇಳಲೇ ಇಲ್ಲ.

"ಏ ತಮ್ಮಾ, ಸಣ್ಣಾಕಿ ಮೊದಲ ಕೊಡಬೇಕಲ್ಲೋ!" ಎಂದರು ಆಂಟಿ.

"ಗೊತ್ತೈತ್ರಿ. ತಪ್ಪು ಮಾಡಿದಾವ ಮೊದಲ ಕೊಡಬೇಕ್ರಿ ಆಂಟಿ."

ತೆಗೆದುಕೊಂಡೆ. ತಿರುಗಿ ಕೊಡಲಿಲ್ಲ. ಊಟವಾದ ಮೇಲೆ ನೋಡಿದರೆ ಅವನು ಎಲ್ಲರ ತಟ್ಟೆ ತೊಳೆಯುತ್ತಿದ್ದಾನೆ. ಕೈ ಒರೆಸಿಕೊಂಡು ನನಗೊಂದು ಗ್ಲಾಸ್ ನೀರು ತಂದುಕೊಟ್ಟ. ಆಂಟಿ ನನ್ನತ್ತ ಹುಬ್ಬು ಹಾರಿಸಿದರು. ಅವರೇ ಹೇಳಿಕೊಟ್ಟಿರಬೇಕು, ಕಳ್ಳಿ! ನಗು ಬಂತು. ನೀರು ಕುಡಿದೆ.

ಅಕ್ಟೋಬರ್ 22, ಬೆಳಿಗ್ಗೆ
ಆಫೀಸಿಗೆ ರಜೆ. ಹನ್ನೊಂದಕ್ಕೆ ಅವನ ಮೆಲ್ಬರ್ನ್ ಫ್ಲೈಟ್.

ಕಾದಂಬರಿಯವನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಅವನಿಗೆ ಬಾಗಿಲು ತೆಗೆಯಬಾರದಿತ್ತು. ಇವನು ಅತ್ತು ತೋರಿಸಲಿಲ್ಲ, ಅವ್ವನ ತಲೆ ಎತ್ತಿಸಿದ. ನನಗೆ ಇವನು ಬೇಕು. ಮೂರು ವರ್ಷವೂ ಬೇಕಾಗಿದ್ದ.

ಕೆಳಗೆ ಹೋಗಿ ಕಾರ್‌ಪಾರ್ಕಿನ ಪಕ್ಕದ ವಾಟಲ್‌ನಿಂದ ಒಂದು ಎಲೆ ಕಿತ್ತುಕೊಂಡು ಬಂದೆ. ಉಳಿದರ್ಧ ನಾನೇ ಹೇಳಬೇಕು. ಏರ್‌ಪೋರ್ಟಿಗೆ ಹೊರಡುವ ಮೊದಲು ಇಲ್ಲೇ ಒಮ್ಮೆ ಹೇಳಿ ನೋಡುತ್ತೇನೆ. ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿದೆ. ಬಂದೆ, ಬಂದೆ... ಬನ್ನಿ ತಗೊಂಡು —